ಹ್ಯೂಸ್ಟನ್ನಿನ ತೀರ್ಥ

ಫಾರ್ಮರ್ಸ್ ಬ್ರಾಂಚ್

ಮೈಸೂರಿನಲ್ಲಿ ಹುಟ್ಟಿದವರಿಗೆ ಪರಿಮಳದ ವಿಷಯದಲ್ಲಿ ಒಂದು ಜಂಭ ಇರುತ್ತದೆ. ಅದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು, ಅಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಗಂಧದ ಸೋಪು ಇಡುತ್ತಿದ್ದಳು. ನನ್ನ ಯೋಗ್ಯತೆ ಅಷ್ಟೇ. ಅಷ್ಟನ್ನೇ ಬಂಡವಾಳ ಮಾಡಿಕೊಂಡು, ಡಲ್ಲಾಸಿಗೆ ಓದಲು ಬಂದ ಮೊದಲ ವಾರವೇ, “ನಂದು ಮೈಸೂರು ಮೂಗು, ಸುಳ್ಳು ಹೇಳಲ್ಲ” ಎಂದು ಸ್ನೇಹಿತರ ಮುಂದೆ ಕೊಚ್ಚಿಕೊಂಡಿದ್ದೆ. ಹಾಗೆ ಕೊಚ್ಚಿಕೊಂಡದ್ದಕ್ಕೆ ಜನವರಿಯ ಒಂದು ಬೆಳಿಗ್ಗೆ ಶಾಸ್ತಿಯಾಯಿತು.

ಡಲ್ಲಾಸಿನ ಅಂಚಿನ ಫಾರ್ಮರ್ಸ್ ಬ್ರಾಂಚಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಗಿರೀಶ ಇದ್ದಾನೆ. ಹುಬ್ಬಳ್ಳಿಯ ಹುಡುಗ, ನನ್ನ ಜೊತೆಗೇ ಎಂ.ಎಸ್. ಓದುತ್ತಾನೆ, ಗಟ್ಟಿ ದನಿ, ಮೃದು ಮನಸ್ಸು. ಅವನು ಅವತ್ತು ಮೇಲೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ:

“ಸೌಮ್ಯಾ, ನಿನ್ನ ಮೂಗು ಬೇಕಾಗೈತಿ.”

ವಿಷಯ ಇಷ್ಟು. ಆಸ್ಟಿನ್ನಿನಲ್ಲಿ ಚಿಪ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ವಿದ್ಯಾ ಎಂಬ ಬೆಳಗಾವಿಯ ಹುಡುಗಿಯ ಜೊತೆ ಅವನಿಗೆ ಮದುವೆಯ ಮಾತುಕತೆ ನಡೆಯುತ್ತಿತ್ತು. ಫೋನಿನಲ್ಲಿ ಮಾತಾಡಿ ಮಾತಾಡಿ ಗಿರೀಶ ಅವಳ ಪ್ರೀತಿಯಲ್ಲಿ ಸಂಪೂರ್ಣವಾಗಿ ಬಿದ್ದುಹೋಗಿದ್ದ. ಶನಿವಾರ ಸಂಜೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿರುವ ಅವಳ ಸೋದರತ್ತೆಯ ಮನೆಯಲ್ಲಿ ಇಬ್ಬರೂ ಮೊದಲ ಸಲ ಎದುರುಬದುರು ಕೂರುವುದೆಂದು ನಿಶ್ಚಯವಾಗಿತ್ತು. ನೋಡುವ ಶಾಸ್ತ್ರ ಎನ್ನಲು ಇಬ್ಬರಿಗೂ ನಾಚಿಕೆ, ಆದ್ದರಿಂದ ‘ಚಹಾ’ ಎನ್ನುತ್ತಿದ್ದರು. ಇಬ್ಬರಿಗೂ ಒಪ್ಪಿಗೆಯಾದರೆ ಮುಂದಿನದು, ಇಲ್ಲವಾದರೆ ಬರೀ ಚಹಾ.

“ಮತ್ತ ನನ್ನ ಮೂಗು ಯಾಕೆ?” ಎಂದೆ. ಅವನ ಜೊತೆ ಇದ್ದೂ ಇದ್ದೂ ‘ಮತ್ತ’ ನನಗೂ ಅಂಟಿದೆ.

“ಅಕಿ ಮೂಗು ಭಾಳ ಸೂಕ್ಷ್ಮ ಅಂತ. ಹಿಂದ ಒಬ್ಬಾಂವ ನೋಡಾಕ ಬಂದಾಗ ಅವನ ಬಾಡಿ ಸ್ಪ್ರೇ ವಾಸನಿಗೆ ತಲಿ ಹಿಡದು ರೂಮಿಗೆ ಹೋಗಿ ಮಲಗಿದ್ಲಂತ. ಅವ್ರು ಎದ್ದು ಹೋಗೂತನಕ ಹೊರಗ ಬರಲೇ ಇಲ್ಲಂತ. ಅಕಿನ ನಕ್ಕೊಂತ ಹೇಳಿದ್ಲು. ನನಗ ನಗು ಬರಲಿಲ್ಲ.”

ಬುದ್ಧಿ ಇರುವ ಯಾರೇ ಆದರೂ ‘ಸ್ನಾನ ಮಾಡಿಕೊಂಡು ಹೋಗಪ್ಪ, ಸಾಕು’ ಎಂದು ಕಳಿಸಿಬಿಡುತ್ತಿದ್ದರು. ನನ್ನ ಬಾಯಲ್ಲೂ ಅದೇ ಬರುವುದರಲ್ಲಿತ್ತು. ಆದರೆ ಸೋಫಾದ ಮೇಲೆ ಅರ್ಪಿತಾ ಇದ್ದಳು.

ಅರ್ಪಿತಾ ನನ್ನ ರೂಮ್‌ಮೇಟ್, ಬೆಂಗಳೂರಿನವಳು, ಸೆಂಟಿನ ಹುಚ್ಚಿ. ಮಾಲುಗಳಲ್ಲಿ ಸಿಗುವ ಸೆಂಟನ್ನು ಅವಳು ಸೆಂಟೆಂದೇ ಒಪ್ಪುವುದಿಲ್ಲ. ಚಿಕ್ಕ ಚಿಕ್ಕ ತಯಾರಕರು ಕೈಯಾರೆ ಬೆರೆಸಿ, ವಿಚಿತ್ರ ಹೆಸರಿಟ್ಟು, ಗಲ್ಲಿಯೊಳಗಿನ ಅಂಗಡಿಗಳಲ್ಲಿ ಮಾರುತ್ತಾರಲ್ಲ, ಅಂಥವು ಮಾತ್ರ ಅವಳಿಗೆ ಸೆಂಟು. ಅದಕ್ಕೆ ‘ನಿಶ್’ ಎನ್ನಬೇಕಂತೆ. ಬಾಡಿ ಸ್ಪ್ರೇಯ ಮಾತು ಕಿವಿಗೆ ಬಿದ್ದದ್ದೇ ತಡ, ಎದ್ದು ಕೂತಳು.

“ಗಿರಿ, ಏನೂ ಹಚ್ಕೊಳ್ದೆ ಹೋಗೋದು ಅಂದ್ರೆ ಇಂಟರ್ವ್ಯೂಗೆ ರೆಸ್ಯುಮೆ ಇಲ್ದೆ ಹೋದ ಹಾಗೆ. ನಾನೇ ಕಾರ್ ಡ್ರೈವ್ ಮಾಡ್ತೀನಿ. ಡಲ್ಲಾಸಲ್ಲಿ ಒಂದು ಅಂಗಡಿ ನೋಡೋಣ, ಹ್ಯೂಸ್ಟನ್ನಲ್ಲಿ ಒಂದು ನೋಡೋಣ, ಅಲ್ಲಿಂದ ಆಸ್ಟಿನ್. ಹ್ಯೂಸ್ಟನ್ ಪಕ್ಕ ಶುಗರ್ ಲ್ಯಾಂಡಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ, ರಾತ್ರಿ ಅಲ್ಲೇ ಮಲಗಿದ್ರಾಯ್ತು.”

ಡಲ್ಲಾಸಿನಿಂದ ಆಸ್ಟಿನ್ನಿಗೆ ನೇರ ದಾರಿ ಇದೆ. ಹ್ಯೂಸ್ಟನ್ನಿಗೆ ಹೋಗಿ ಆಸ್ಟಿನ್ನಿಗೆ ಹೋಗುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ. ನಾನು ಅದನ್ನು ಹೇಳಿದೆ. ಗಿರೀಶನಿಗೆ ಕೇಳಿಸಲೇ ಇಲ್ಲ. ಪ್ರೀತಿಯಲ್ಲಿ ಬಿದ್ದವನಿಗೆ ಮೈಲಾರ ಎಲ್ಲಿದ್ದರೇನು.

ಡಲ್ಲಾಸ್

ಶುಕ್ರವಾರ ಹೊರಟೆವು. ಮೊದಲ ಅಂಗಡಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಾಗಿತ್ತು. ಬಿಳಿ ಗೋಡೆ, ಬಿಳಿ ದೀಪ, ಒಂದೊಂದು ಬಾಟಲಿಗೂ ಒಂದೊಂದು ಪೀಠ. ನಮ್ಮೂರಿನ ಅಂಗಡಿಯಾಗಿದ್ದರೆ ಅಷ್ಟು ಜಾಗದಲ್ಲಿ ನೂರು ಬಗೆಯ ಊದುಬತ್ತಿ, ಅರಿಶಿನ, ಕುಂಕುಮ, ಹೂಬತ್ತಿ ಎಲ್ಲ ತುರುಕಿ, ಮೇಲೆ ಎರಡು ಡಜನ್ ಪ್ಲಾಸ್ಟಿಕ್ ಕೊಡ ನೇತುಹಾಕುತ್ತಿದ್ದರು.

ಅಂಗಡಿಯವನು ಗಡ್ಡ ಬಿಟ್ಟ ಸೌಮ್ಯ ಮನುಷ್ಯ. ಎದೆಯ ಮೇಲೆ ಕೈ ಇಟ್ಟುಕೊಂಡು ಗಿರೀಶನನ್ನು ಕೇಳಿದ: “ಇವತ್ತು ನೀವು ಯಾವ ಕಥೆ ಹೇಳಬೇಕೆಂದಿದ್ದೀರಿ?”

ಇಲ್ಲಿ ಸೆಂಟಿನ ಅಂಗಡಿಯವರು ಹೀಗೇ ಕೇಳುವುದಂತೆ. ಅದಕ್ಕೆ ‘ಸ್ವಲ್ಪ ಹೂವಿನದು’, ‘ಸ್ವಲ್ಪ ಮರದ್ದು’ ಎಂದು ಉತ್ತರ ಕೊಡಬೇಕು. ಗಿರೀಶನಿಗೆ ಗೊತ್ತಿರಲಿಲ್ಲ. ಅವನು ಕಥೆಯನ್ನೇ ಶುರುಮಾಡಿದ. ಹುಬ್ಬಳ್ಳಿಯಲ್ಲಿ ತಂದೆಯ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ತಾನು ಅಲ್ಲೇ ಗಲ್ಲಾದ ಪಕ್ಕ ಕೂತು ಓದಿದ್ದು, ಪಿಯುಸಿಯಲ್ಲಿ ಗಣಿತ ಕೈಕೊಟ್ಟದ್ದು, ಕೊನೆಗೆ ವಿದ್ಯಾ. ಇಂಗ್ಲಿಷಿನಲ್ಲೇ ಹೇಳಿದ, ಆದರೆ ಹುಬ್ಬಳ್ಳಿಯ ಏರಿಳಿತದಲ್ಲಿ. ಗಡ್ಡದವನು ನಡುನಡುವೆ ‘ವಾವ್’ ಎನ್ನುತ್ತ, ಒಂದು ಸಲ ಕಣ್ಣೂ ಒರೆಸಿಕೊಂಡ. ಹೊರಗಿನವರು ನಮ್ಮ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ನಾನು ಈ ದೇಶದಲ್ಲಿ ಅದೇ ಮೊದಲು ನೋಡಿದ್ದು.

ಆಮೇಲೆ ಆತ ಒಳಗೆ ಹೋಗಿ ಕಪ್ಪು ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಕಾಗದದ ಪಟ್ಟಿಯ ಮೇಲೆ ಚಿಮುಕಿಸಿ ಕೊಟ್ಟ. ಗಿರೀಶ ಮೂಸಿದ. ಅವನ ಮುಖ ಬದಲಾಯಿತು.

“ಲೇ, ಇದು ನಮ್ಮಪ್ಪನ ಅಂಗಡಿ ವಾಸನಿ! ಗ್ರೀಸು, ರಬ್ಬರು, ಹಳೇ ಸೀಟಿನ ರೆಕ್ಸಿನ್ನು. ಇದನ್ನ ತೊಳ್ಕೊಂಡು ಹೋಗಾಕ ನಮ್ಮವ್ವ ದಿನಾ ಸೋಪು ಕೊಡ್ತಿದ್ಲು!”

ಏಳು ಸಮುದ್ರ ದಾಟಿ ಬಂದವನಿಗೆ ಅವನ ಮನೆಯ ಕೊಳೆಯನ್ನೇ ಬಾಟಲಿಯಲ್ಲಿ ಹಾಕಿ ಮಾರಲು ನೋಡಿದ್ದರು. ನಾನು ನಕ್ಕು ನಕ್ಕು ಒಂದು ಪೀಠಕ್ಕೆ ಒರಗಿ, ಬಾಟಲಿ ಅಲುಗಾಡಿ, ಅರ್ಪಿತಾಳಿಂದ ಬೈಸಿಕೊಂಡೆ.

“ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ” ಎಂದಳು ಅವಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ, ಇಬ್ಬರೂ ಹಂಚಿಕೊಂಡೆವು.

ಮುಂದೆ ಒಂದೊಂದೇ ಪಟ್ಟಿ ಬಂತು. ಒಂದು ಹಸಿ ಹುಲ್ಲು ಮತ್ತು ಕುದುರೆ. ಇನ್ನೊಂದು ಮುಗ್ಗಲು ಹಿಡಿದ ಹಳೇ ಪುಸ್ತಕ. ಮತ್ತೊಂದು ಸೀದ ಹಾಲು, ಅದಕ್ಕೆ ಫ್ರೆಂಚ್ ಹೆಸರು. ಹಾಲು ಸೀದರೆ ನಮ್ಮ ಮನೆಯಲ್ಲಿ ಬೈಗುಳ ಬೀಳುತ್ತಿತ್ತು, ಇಲ್ಲಿ ಅದಕ್ಕೆ ಗಾಜಿನ ಬಿರಡೆ ಹಾಕಿದ್ದರು. ನನ್ನ ಮೈಸೂರು ಮೂಗಿಗೂ ಕೆಲಸ ಬಂತು. ಒಂದು ಪಟ್ಟಿಯನ್ನು ಮೂಸಿ, ಕಣ್ಣು ಮುಚ್ಚಿ, “ಇದು ನಮ್ಮ ಶ್ರೀಗಂಧ. ಸಂಶಯವೇ ಇಲ್ಲ” ಎಂದು ತೀರ್ಪು ಕೊಟ್ಟೆ. ಗಡ್ಡದವನು ಬಹಳ ವಿನಯದಿಂದ, ಅದು ಪೆನ್ಸಿಲ್ ಹೆರೆದಾಗ ಬರುವ ಮರದ ಪುಡಿಯ ವಾಸನೆ, ಅದರಲ್ಲಿ ಗಂಧ ಒಂದು ತೊಟ್ಟೂ ಇಲ್ಲ ಎಂದ. ಅಂದಿನಿಂದ ಗಿರೀಶ ನನ್ನನ್ನು ‘ಪೆನ್ಸಿಲ್’ ಎಂದು ಕರೆಯುತ್ತಾನೆ.

ಕೊನೆಗೆ ಸಿಕ್ಕಿದ್ದು ಲಾವಂಚ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುತ್ತಾರಲ್ಲ, ಆ ಬೇರಿನ ತಣ್ಣಗಿನ ವಾಸನೆ. ಅದನ್ನು ಮಣಿಕಟ್ಟಿಗೆ ಹಚ್ಚಿಕೊಂಡು ನಿಂತಿದ್ದ ಗಿರೀಶನ ಬಳಿಗೆ ಕೌಬಾಯ್ ಬೂಟು ಹಾಕಿದ್ದ ಒಬ್ಬ ಅಜ್ಜಿ ಬಂದು, “ಮಗೂ, ನಿನ್ನ ಹತ್ತಿರ ಎಷ್ಟು ಚೆನ್ನಾಗಿ ವಾಸನೆ ಬರ್ತಿದೆ” ಎಂದು ಹೇಳಿ ಹೋದಳು. ಟೆಕ್ಸಾಸಿನವರಿಗೆ ಇದು ಮಾಮೂಲು. ಗುರುತಿಲ್ಲದವರ ಅಂಗಿ, ಕೂದಲು, ವಾಸನೆ ಎಲ್ಲವನ್ನೂ ಹೊಗಳಿ ಮುಂದೆ ಹೋಗುತ್ತಾರೆ. ನಮ್ಮಲ್ಲಿ ಯಾರಾದರೂ ವಾಸನೆಯ ಮಾತು ಎತ್ತಿದರೆ ಕಾಲುಚೀಲ ತೆಗೆದು ಹೊರಗಿಡಬೇಕೆಂದೇ ಅರ್ಥ. ಗಿರೀಶ ಕಿವಿಯವರೆಗೂ ಕೆಂಪಾದ. ಅಜ್ಜಿಯ ಮಾತೇ ನಿರ್ಣಯವಾಯಿತು. ಬಾಟಲಿ ಕೊಳ್ಳುವ ತಾಕತ್ತು ನಮಗಿಲ್ಲ, ಬೆರಳಿನಷ್ಟುದ್ದದ ಸ್ಯಾಂಪಲ್ ಕೊಂಡೆವು.

ಶುಗರ್ ಲ್ಯಾಂಡ್

ಸೆಂಟನ್ನು ಮೈಗೆ ಹಾಕಬಾರದು, ಹಿಂದಿನ ದಿನವೇ ಬಟ್ಟೆಗೆ ಹಾಕಬೇಕು, ಘಾಟೆಲ್ಲ ಹೋಗಿ ಮರುದಿನ ಮೆತ್ತಗಿನ ಪರಿಮಳ ಮಾತ್ರ ಉಳಿಯುತ್ತದೆ ಎಂಬುದು ಅರ್ಪಿತಾಳ ಸಿದ್ಧಾಂತ. ದೊಡ್ಡಮ್ಮನ ಮನೆ ತಲುಪಿದ ಕೂಡಲೇ ಗಿರೀಶನ ನೀಲಿ ಅಂಗಿಯನ್ನು ಹ್ಯಾಂಗರಿಗೆ ಹಾಕಿ, ಸ್ಯಾಂಪಲನ್ನೆಲ್ಲ ಅದರ ಮೇಲೆ ಖಾಲಿ ಮಾಡಿದಳು. ಒಗ್ಗರಣೆಗೆ ಇಂಗು ಹಾಕು ಎಂದರೆ ಡಬ್ಬಿಯನ್ನೇ ಬಗ್ಗಿಸುವ ಕೈ ಅವಳದು.

ದೊಡ್ಡಮ್ಮ ಮೂಗಿಗೆ ಸೆರಗು ಹಿಡಿದುಕೊಂಡು ಬಂದರು. “ಅಯ್ಯೋ, ನಂಗೆ ಮೈಗ್ರೇನ್ ಕಣೇ. ಅದನ್ನ ಗರಾಜಲ್ಲಿ ನೇತಾಕ್ರೋ. ಕೈಮುಗಿತೀನಿ.”

ಗರಾಜಿಗೆ ಹೋಯಿತು ಅಂಗಿ. ಆ ಗರಾಜಿನ ಬಗ್ಗೆ ಊರಿನವರಿಗೆ ಒಂದು ಮಾತು ಹೇಳಬೇಕು. ಶುಗರ್ ಲ್ಯಾಂಡಿನ ಎಷ್ಟೋ ನಮ್ಮವರ ಮನೆಗಳಲ್ಲಿ ಕಾರು ಹೊರಗೆ ನಿಂತಿರುತ್ತದೆ, ಗರಾಜಿನಲ್ಲಿ ಎರಡನೇ ಒಲೆ ಇರುತ್ತದೆ. ಒಳಗಿನ ಅಡುಗೆಮನೆ ನೋಡುವುದಕ್ಕೆ. ಕರಿಯುವುದು, ಹುರಿಯುವುದು, ಒಣಮೆಣಸಿನಕಾಯಿಯ ಘಾಟು ಎಲ್ಲ ಗರಾಜಿನಲ್ಲಿ. ಕಾರ್ಪೆಟ್ಟಿಗೆ ವಾಸನೆ ಹತ್ತಬಾರದಲ್ಲ. ನಾವು ಬಂದಿದ್ದೇವೆಂಬ ಖುಷಿಗೆ ದೊಡ್ಡಪ್ಪ, ಬನಿಯನ್ನಿನ ಮೇಲೆ ಜಾಕೆಟ್ಟು ಹಾಕಿಕೊಂಡು, ಸಂಜೆಯಿಡೀ ಅಲ್ಲಿ ಮೆಣಸಿನಕಾಯಿ ಬಜ್ಜಿ ಕರಿದರು. ನಾವು ಸಾಕು ಎನ್ನುವವರೆಗೂ ಕರಿದರು, ಅಂದ ಮೇಲೂ ಕರಿದರು. ಅವರ ತಲೆಯ ಮೇಲೆ, ಒಂದು ಮೊಳ ದೂರದಲ್ಲಿ, ನೀಲಿ ಅಂಗಿ ತೂಗಾಡುತ್ತಿತ್ತು. ನಾವು ಮೂವರೂ ಅದರ ಕೆಳಗೇ ನಿಂತು ಬಜ್ಜಿ ತಿಂದೆವು. ಒಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಗಿರೀಶ ಅಂಗಿಯನ್ನು ಹಿಡಿದುಕೊಂಡು ಒಳಗೆ ಬಂದ. ಮುಖ ಬಾಡಿತ್ತು. ಅಂಗಿ ಮೂಸಿ ನೋಡಿದೆ. ಲಾವಂಚದ ಬಜ್ಜಿ ಎಂದು ಯಾರಾದರೂ ಮಾಡಿದರೆ ಹೀಗೇ ಇರಬಹುದು.

“ಪೆನ್ಸಿಲ್, ಖರೆ ಹೇಳು. ಭಾಳ ಆಗೈತೇನು?”

“ಚಟ್ನಿ ಒಂದು ಕಡಿಮೆ.”

ಅವನು ನಗಲಿಲ್ಲ. ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ಕೂತು ಸುಮ್ಮನೆ ಅಂಗಿ ಮಡಚತೊಡಗಿದ. “ಅಕಿ ಜೋಡಿ ಮಾತಾಡೂದು ಶುರು ಆದಮ್ಯಾಲ ನನಗ ಈ ಊರು ಪರದೇಶ ಅನಿಸಿಲ್ಲ. ಇವತ್ತ ಅಕಿ ಎದ್ದು ರೂಮಿಗೆ ಹೋಗಿ ಬಾಗಿಲಾ ಹಾಕ್ಕೊಂಡ್ರ ಏನ ಮಾಡ್ಲಿ?” ಎಂದ. ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಚಟ್ನಿಯ ಮಾತಿಗೆ ನನಗೇ ಬೇಜಾರಾಯಿತು. ಇಲ್ಲಿಯವರೆಗೂ ನಾನು ಈ ಪ್ರವಾಸಕ್ಕೆ ತಮಾಷೆ ನೋಡಲು ಬಂದಿದ್ದೆ. ಈಗ ಇವನಿಗೆ ಇದು ದಕ್ಕಬೇಕು ಎಂದು ನಿಜವಾಗಿ ಅನ್ನಿಸಿತು.

ದೊಡ್ಡಪ್ಪ ತಪ್ಪಿತಸ್ಥರ ಹಾಗೆ ತಮ್ಮದೇ ಒಂದು ಒಗೆದ ಅಂಗಿ ತಂದುಕೊಟ್ಟರು. ದೊಡ್ಡಪ್ಪ ಬಜ್ಜಿ ಪ್ರಿಯರು, ಅಂಗಿ ಗಿರೀಶನಿಗೆ ನಿಲುವಂಗಿಯ ಹಾಗಾಯಿತು. ತೋಳು ಮಡಚಿ ಮಡಚಿ ಮೊಣಕೈಗೆ ಏರಿಸಿದ. ಪರಿಮಳಕ್ಕೆ ಇನ್ನು ಉಳಿದದ್ದು ಹ್ಯೂಸ್ಟನ್ನಿನ ಅಂಗಡಿ ಒಂದೇ.

ಹ್ಯೂಸ್ಟನ್

ಈ ಅಂಗಡಿ ಹಳೇ ಮರದ ಮನೆಯೊಂದರಲ್ಲಿತ್ತು. ಒಳಗೆ ಕಾಲಿಟ್ಟರೆ ಅರೆಗತ್ತಲೆ, ಒಂದು ದೀಪ, ಎತ್ತರದ ಮರದ ಪೀಠದ ಮೇಲೆ ತಾಮ್ರದ ಪಾತ್ರೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸ್ಟ್ಯಾಂಡು ಬೇರೆ. ಹಿಂದಿನ ದಿನದ ಬಿಳಿ ಬೆಳಕಿನ ಅಂಗಡಿಯಲ್ಲಿ ಬಿಗಿಯಾಗಿದ್ದ ನಮ್ಮ ಭುಜಗಳು ಇಲ್ಲಿ ತಾವಾಗಿಯೇ ಸಡಿಲವಾದವು. ಚಪ್ಪಲಿ ಬಿಟ್ಟೆವು, ದನಿ ತಗ್ಗಿಸಿದೆವು.

ಮುಂದೆ ಆದದ್ದಕ್ಕೆ ನಮ್ಮ ತಪ್ಪು ಪೂರ್ತಿ ಇಲ್ಲವೆಂದು ನಾನು ಇವತ್ತಿಗೂ ವಾದಿಸುತ್ತೇನೆ. ಬೆಳ್ಳಿ ಕೂದಲಿನ, ಉದ್ದ ನಿಲುವಂಗಿಯ ಒಬ್ಬ ಹೆಂಗಸು ಒಳಗಿನಿಂದ ಬಂದಳು. ಮಾತಾಡದೆ ಮುಗುಳ್ನಕ್ಕಳು. ತಾಮ್ರದ ಪಾತ್ರೆಯಿಂದ ಪುಟ್ಟ ಚಮಚದಲ್ಲಿ ನೀರು ತೆಗೆದು, ಗಿರೀಶನ ಕಡೆಗೆ ಚಾಚಿ, ಕೈ ಮುಂದೆ ಮಾಡು ಎಂದು ಸನ್ನೆ ಮಾಡಿದಳು. ಆ ನೀರಿನಿಂದ ತುಳಸಿ, ಏಲಕ್ಕಿ, ಲವಂಗ, ಪಚ್ಚಕರ್ಪೂರದ ಹಾಗೆ ಏನೋ ಒಂದು ಘಮ್ಮೆಂದು ಎದ್ದಿತು. ಈಗ ನೀವೇ ಹೇಳಿ.

ಗಿರೀಶ ಎಡಗೈಯ ಮೇಲೆ ಬಲಗೈ ಇಟ್ಟು, ಅಂಗೈಯನ್ನು ಗುಂಡಿ ಮಾಡಿ, ತಲೆ ಬಗ್ಗಿಸಿ ಹಿಡಿದ. ಆಕೆ ಒಂದು ಚಮಚ ನೀರು ಬಿಟ್ಟಳು. ಅವನು ಕಣ್ಣು ಮುಚ್ಚಿ ಸುರ್ರೆಂದು ಕುಡಿದ. ಒದ್ದೆ ಕೈಯನ್ನು ತಲೆಗೆ ಸವರಿಕೊಂಡ. ಮತ್ತೆ ಕೈ ಒಡ್ಡಿದ, ಮೂರು ಸಲ ತೆಗೆದುಕೊಳ್ಳಬೇಕಲ್ಲ. ಬೆಪ್ಪಾಗಿ ನಿಂತ ಆಕೆ ಎರಡನೆಯದನ್ನೂ ಮೂರನೆಯದನ್ನೂ ಬಿಟ್ಟಳು. ಅವನು ಎರಡನ್ನೂ ಕುಡಿದು ಎರಡು ಸಲವೂ ತಲೆಗೆ ಸವರಿಕೊಂಡ.

ನಾನಾದರೂ ತಡೆಯಬಹುದಿತ್ತು. ಮೈಸೂರು ಮೂಗು ನನ್ನದು. ಆದರೆ ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಗಿರೀಶನ ಹಿಂದೆ ಸಾಲಿನಲ್ಲಿ ನಿಂತು, ದುಪಟ್ಟಾ ಸರಿಮಾಡಿಕೊಂಡು, ಕೈ ಒಡ್ಡಿದೆ. ನನ್ನ ಹಿಂದೆ ಅರ್ಪಿತಾ. ಸೆಂಟಿನ ಟಾಪ್ ನೋಟು, ಬೇಸ್ ನೋಟು ಎಂದು ತಲೆ ತಿನ್ನುವ ಅದೇ ಅರ್ಪಿತಾ, ಕುಡಿದು, ತಲೆಗೆ ಸವರಿಕೊಂಡು, “ಹೂವು ಕೊಡಲ್ವಾ?” ಎಂದು ನನ್ನನ್ನು ಪಿಸುಗುಟ್ಟಿ ಕೇಳಿದಳು.

ಆಗ ನನಗೆ ಆ ಹೆಂಗಸಿನ ಎಡ ಮುಂಗೈಯ ಮೇಲೆ ಟವೆಲ್ಲು ಕಂಡಿತು. ಪೀಠದ ಕೆಳಗೆ ನೀರು ಬೀಳಲಿಕ್ಕೆ ಇಟ್ಟ ಬೇಸಿನ್ನೂ ಕಂಡಿತು.

“ಅದು,” ಎಂದಳು ಆಕೆ ನಿಧಾನವಾಗಿ, “ಕೈ ತೊಳೆಯುವುದಕ್ಕೆ.”

ಹೊರಗಿನ ವಾಸನೆಯೆಲ್ಲ ಹೋಗಲೆಂದು ಆ ಅಂಗಡಿಯಲ್ಲಿ ಬಂದವರಿಗೆಲ್ಲ ಮೊದಲು ಕೈಗೆ ನೀರು ಹಾಕುತ್ತಾರಂತೆ. ಅಲ್ಲಿಯ ಪದ್ಧತಿ ಅದು. ಅರ್ಪಿತಾ ಬಿಳಿಚಿಕೊಂಡಳು. ನಾವು ಸಾಯುತ್ತೇವೆಯೇ ಎಂದು ಕೇಳಿದೆ. ಇಲ್ಲ, ಎಲ್ಲ ಅಡುಗೆಮನೆಯ ಸಾಮಾನೇ, ಬೆಳಿಗ್ಗೆ ತಾನೇ ಕುದಿಸಿ ಆರಿಸಿದ್ದು, ಆದರೆ ಇಷ್ಟು ವರ್ಷದಲ್ಲಿ ಯಾರೂ ಕುಡಿದಿರಲಿಲ್ಲ ಎಂದಳು. ನಾನು ದೇವಸ್ಥಾನ, ತೀರ್ಥ, ಮೂರು ಸಲ ಎಲ್ಲವನ್ನೂ ವಿವರಿಸಿದೆ. ಆಕೆಗೆ ಎಷ್ಟು ಖುಷಿಯಾಯಿತೆಂದರೆ, ಒಳಗಿನಿಂದ ತನ್ನ ಸಹಾಯಕಿಯನ್ನು ಕರೆದು, ನಮ್ಮಿಂದ ಇನ್ನೊಂದು ಸಲ ಕುಡಿಸಿ ತೋರಿಸಿದಳು. ನಾವು ಕುಡಿದೆವು. ಮರ್ಯಾದೆ ಹೇಗೂ ಹೋಗಿತ್ತು.

“ಹೆಂಗಿದ್ರೂ ಚಲೋ ದಿನ. ತೀರ್ಥ ಸಿಕ್ಕಂಗಾತು” ಎಂದ ಗಿರೀಶ, ತಲೆ ಸವರಿಕೊಳ್ಳುತ್ತ.

ಆ ಖುಷಿಯಲ್ಲಿ ಆಕೆ ಅವನನ್ನು ಬಿಡಲಿಲ್ಲ. ಎಡಗೈಗೆ ಬೆರಳಿನಿಂದ ಮೊಣಕೈಯವರೆಗೆ ಸಾಲಾಗಿ, ಬಲಗೈಗೆ ಅದೇ ಪ್ರಕಾರ, ಒಂದರ ಪಕ್ಕ ಒಂದು ಸೆಂಟು ಚಿಮುಕಿಸಿದಳು. ಗುಲಾಬಿ, ಹೊಗೆ, ಚರ್ಮ, ಅಂಜೂರ, ಸಮುದ್ರ, ಯಾವುದೋ ಚರ್ಚಿನ ಧೂಪ. ಮೂಗು ಸೋತಾಗ ಮೂಸಲು ಬಟ್ಟಲಿನಲ್ಲಿ ಕಾಫಿ ಬೀಜ ಕೊಟ್ಟಳು. ನಾನು ಬಟ್ಟಲನ್ನು ಮುಖಕ್ಕೆ ಹಿಡಿದು, ಅದನ್ನು ಬಿಡಲಾರದೆ, ಪುಡಿ ಮಾಡಿಸಿ ಫಿಲ್ಟರಿಗೆ ಹಾಕಿದರೆ ಎಷ್ಟು ಲೋಟ ಆದೀತು ಎಂದು ಯೋಚಿಸುತ್ತ ನಿಂತೆ. ಇಷ್ಟಾಗುವ ಹೊತ್ತಿಗೆ ನಮ್ಮ ಮೂವರ ಮೂಗೂ ಸತ್ತುಹೋಗಿತ್ತು. ಯಾವುದು ಚೆನ್ನಾಗಿದೆ ಎಂದು ಹೇಳಲು ಒಬ್ಬರಿಗೂ ಆಗಲಿಲ್ಲ. ಚಹಾಕ್ಕೆ ಹೊತ್ತಾಗುತ್ತಿತ್ತು. ಏನನ್ನೂ ಕೊಳ್ಳದೆ, ಆಕೆಗೆ ನಮಸ್ಕಾರ ಹೇಳಿ ಹೊರಟೆವು.

ದಾರಿಯಲ್ಲಿ

ಕಾರಿನಲ್ಲಿ ಕೂತ ಮೇಲೆ ಗೊತ್ತಾಯಿತು. ಸತ್ತ ಮೂಗಿಗೂ ತಟ್ಟುವಷ್ಟಿತ್ತು. ಮದುವೆ ದಿಬ್ಬಣದ ಬಸ್ಸಿನಲ್ಲಿ, ಕಿಟಕಿ ತೆರೆಯದೆ, ಎಲ್ಲ ನೆಂಟರೂ ತಮ್ಮ ತಮ್ಮ ಸೆಂಟು ಹಾಕಿಕೊಂಡು ಕೂತ ಹಾಗಿತ್ತು. ಈ ಕೈಗಳೊಂದಿಗೆ ಅವನು ಸೀಡರ್ ಪಾರ್ಕಿಗೆ ಹೋದರೆ ವಿದ್ಯಾ ರೂಮಿಗಲ್ಲ, ಊರು ಬಿಟ್ಟೇ ಹೋಗುತ್ತಾಳೆ ಎಂದೆ.

ದಾರಿಯಲ್ಲಿ ಒಂದು ದೊಡ್ಡ ಪೆಟ್ರೋಲ್ ಬಂಕ್ ಸಿಕ್ಕಿತು. ಟೆಕ್ಸಾಸಿನಲ್ಲಿ ಪೆಟ್ರೋಲ್ ಬಂಕ್ ಎಂದರೆ ಸಂತೆ. ಒಣಗಿಸಿದ ಮಾಂಸ, ಸಕ್ಕರೆ ಹಚ್ಚಿದ ಕಾಯಿಬೀಜ, ಟೋಪಿ, ಜಿಂಕೆ ಬೊಂಬೆ, ಜೊತೆಗೆ ಪೆಟ್ರೋಲು. ಗಿರೀಶ ಅಲ್ಲಿನ ಬಚ್ಚಲಲ್ಲಿ ಬೆರಳಿನಿಂದ ತೋಳಿನವರೆಗೆ ಸೋಪು ಹಾಕಿ ಉಜ್ಜಿ, ಮತ್ತೆ ಹಾಕಿ ಉಜ್ಜಿ, ಚರ್ಮ ಕೆಂಪಗೆ ಮಾಡಿಕೊಂಡು ಬಂದ.

“ಈಗ ಏನೂ ಇಲ್ಲ. ಬರೇ ಗಿರೀಶ ಉಳದಾನ” ಎಂದ.

ಕೈಗಳನ್ನು ನಮ್ಮ ಮೂಗಿನ ಮುಂದೆ ಹಿಡಿದ. ಮೂಸಿ ಒಪ್ಪಿಗೆ ಕೊಟ್ಟೆವು. ತಲೆಯ ನೆನಪು ಯಾರಿಗೂ ಬರಲಿಲ್ಲ.

ಸೀಡರ್ ಪಾರ್ಕ್

ಅಲ್ಲಿ ಕಾರುಗಳ ಮೇಲೆಲ್ಲ ಹಳದಿ ಪುಡಿ ಕೂತಿತ್ತು. ಇಳಿಯುತ್ತಿದ್ದ ಹಾಗೇ ಅರ್ಪಿತಾ ಸೀನಿದಳು. ಬಾಗಿಲು ತೆರೆದದ್ದು ವಿದ್ಯಾ. ಹಸಿರು ಚೂಡಿದಾರ್, ಕೈಯಲ್ಲಿ ಟಿಶ್ಯೂ ಡಬ್ಬಿ, ಮೂಗು ಕೆಂಪು, ಕಣ್ಣಲ್ಲಿ ಧಾರಾಕಾರ ನೀರು.

ಗಿರೀಶ ನನ್ನ ತೋಳು ಹಿಡಿದು ಎಳೆದ. “ಅಳಾಕತ್ತಾಳ! ನನ್ನ ನೋಡಬೇಕಾತಲ್ಲಾ ಅಂತ ಅಳಾಕತ್ತಾಳ!”

ಅಳು ಅಲ್ಲ, ಸೀಡರ್ ಜ್ವರ. ಚಳಿಗಾಲದಲ್ಲಿ ಆಸ್ಟಿನ್ನಿನ ಸೀಡರ್ ಮರಗಳು ಪರಾಗ ಉದುರಿಸುತ್ತವಂತೆ, ಊರಿಗೆ ಊರೇ ಮೂಗು ಸೋರಿಸಿಕೊಂಡು ಓಡಾಡುತ್ತದಂತೆ. ವಿದ್ಯಾಳ ಸೋದರತ್ತೆಯ ಗಂಡ, ನಮಗೆಲ್ಲ ಅಂಕಲ್, ನಮ್ಮನ್ನು ಕೂರಿಸಿ ಇದನ್ನು ವಿವರವಾಗಿ ಹೇಳಿದರು. ಅವರೂ ಆಂಟಿಯೂ ಧಾರವಾಡದ ಕಡೆಯವರು, ಇಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ.

ಆಂಟಿ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಮಂಡಕ್ಕಿಯ ಗಿರ್ಮಿಟ್, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಬಜ್ಜಿ ಕಂಡು ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಿರೀಶನ ಮುಂದೆ ತಟ್ಟೆ ಇಡಲು ಬಗ್ಗಿದ ಆಂಟಿ ಹಾಗೇ ನಿಂತರು. ಅವನ ತಲೆಯ ಹತ್ತಿರ ಮೂಗು ತಂದು ಮೂಸಿದರು.

“ತೀರ್ಥದ ವಾಸನಿ ಬರಾಕತ್ತೈತಲ್ಲ! ಗುಡಿಗೆ ಹೋಗಿ ಬಂದೀರೇನು?”

ಗಿರೀಶ ನನ್ನ ಕಡೆ ತಿರುಗಿದ. ನನಗೆ ಆಗ ಬುದ್ಧಿ ಓಡಿತು. ಓಡಬಾರದಿತ್ತು.

“ಹೌದು ಆಂಟಿ,” ಎಂದೆ. “ಹ್ಯೂಸ್ಟನ್ನಲ್ಲಿ. ಬೆಳಿಗ್ಗೆ ಎದ್ದವನೇ ಮೊದಲು ದೇವಸ್ಥಾನ ಅಂದ.”

“ತುಂಬಾ ಭಕ್ತಿ ಇವನಿಗೆ,” ಎಂದಳು ಅರ್ಪಿತಾ. “ಮೂರು ಸಲ ತೀರ್ಥ ತಗೊಂಡ.” ಅದು ಮಾತ್ರ ನಿಜ.

ಅಂಕಲ್ ಮುಖ ಅರಳಿತು. “ನೋಡು, ಈ ಕಾಲದಾಗ ಇಂಥಾ ಹುಡುಗರು ಎಲ್ಲಿ ಸಿಗ್ತಾರ! ಯಾವ ಗುಡಿ? ಅಲ್ಲಿ ಕಮಿಟ್ಯಾಗ ನಮ್ಮ ದೋಸ್ತ್ ಒಬ್ಬಾಂವ ಅದಾನ. ತಡೀರಿ, ಫೋನ್ ಹಚ್ತೀನಿ, ಅವಗೂ ಖುಷಿ ಆಗ್ತದ.”

ಒಂದು ಸುಳ್ಳಿನ ಹೊಟ್ಟೆಯಲ್ಲಿ ಹತ್ತು ಸುಳ್ಳು ಇರುತ್ತವೆ ಎನ್ನುವುದು ಸುಮ್ಮನಲ್ಲ. ಎಂಥ ಗುಡಿ, ಯಾರು ಪೂಜಾರಿ, ದೇವರಿಗೆ ಇವತ್ತು ಯಾವ ಅಲಂಕಾರ, ಎಲ್ಲವನ್ನೂ ನಾನು ಒಂದು ನಿಮಿಷದಲ್ಲಿ ಕಟ್ಟಬೇಕಿತ್ತು. ಅಂಕಲ್ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ನಂಬರ್ ಹುಡುಕುತ್ತಿದ್ದರು. ಆಂಟಿ ಗಿರೀಶನನ್ನು ಆಗಲೇ ಅಳಿಯನನ್ನು ನೋಡುವ ಹಾಗೆ ನೋಡುತ್ತಿದ್ದರು. ಸುಮ್ಮನಿದ್ದರೆ ಗೆದ್ದ ಹಾಗೆಯೇ. ನಾನು ಅವನಿಗೆ ಸುಮ್ಮನಿರು ಎಂದು ಕಣ್ಣು ಮಿಟುಕಿಸಿದೆ.

ಗಿರೀಶ ನನ್ನನ್ನು ನೋಡಲಿಲ್ಲ. ಟಿಶ್ಯೂ ಡಬ್ಬಿ ಅಪ್ಪಿಕೊಂಡು ಎದುರಿಗೆ ಕೂತಿದ್ದ ವಿದ್ಯಾಳನ್ನು ನೋಡಿದ.

“ಫೋನ್ ಹಚ್ಚಬ್ಯಾಡ್ರಿ ಅಂಕಲ್,” ಎಂದ. “ನಾವು ಗುಡಿಗೆ ಹೋಗಿಲ್ರಿ. ಸೆಂಟಿನ ಅಂಗಡಿಗೆ ಹೋಗಿದ್ವಿ. ಅಲ್ಲಿ ಕೈ ತೊಳಕೊಳ್ಳಾಕ ಕೊಟ್ಟ ನೀರ ಕುಡದು ಬಂದೇವ್ರಿ.”

ಅವನು ನಿಲ್ಲಿಸಲಿಲ್ಲ. ಶುರುವಿನಿಂದ ಎಲ್ಲವನ್ನೂ ಹೇಳಿದ. ಅವಳ ಮೂಗಿಗೆ ಹೆದರಿ ಹೊರಟದ್ದು, ಅಪ್ಪನ ಅಂಗಡಿಯ ಗ್ರೀಸು, ಲಾವಂಚದ ಅಂಗಿ, ಅದರ ಕೆಳಗೆ ಬಜ್ಜಿ, ಈಗ ಹಾಕಿಕೊಂಡಿರುವುದು ಯಾರದೋ ದೊಡ್ಡಪ್ಪನ ಅಂಗಿ. ನೀರು ಕುಡಿದದ್ದು ಒಂದು ಸಲ ಅಲ್ಲ, ಆಕೆ ಕೇಳಿದ್ದಕ್ಕೆ ಮತ್ತೊಂದು ಸಲ ಕುಡಿದು ತೋರಿಸಿದ್ದನ್ನೂ ಬಿಡಲಿಲ್ಲ. ಡಲ್ಲಾಸಿನಲ್ಲಿ ಕಥೆ ಹೇಳಿದವನ ದನಿಯೇ. ಅಂಕಲ್ ಫೋನನ್ನು ಟೇಬಲ್ಲಿನ ಮೇಲೆ ಮಗುಚಿ ಇಟ್ಟರು.

ವಿದ್ಯಾ ಟಿಶ್ಯೂನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಣಿಯುತ್ತಿತ್ತು. ಮತ್ತೆ ಸೀಡರ್ ಜ್ವರ ಎಂದುಕೊಂಡೆ. ಅಲ್ಲ, ನಗುತ್ತಿದ್ದಳು. ಕಟ್ಟಿದ ಮೂಗಿನ ನಗು, ನಡುನಡುವೆ ಸೀನು, ಸೀನಿನ ಮಧ್ಯೆ ಕೆಮ್ಮು. ಕೊನೆಗೆ ಎದ್ದು ಬಂದು, ಎಲ್ಲರೆದುರೇ ಬಗ್ಗಿ, ಅವನ ತಲೆಯನ್ನು ಮೂಸಿದಳು.

“ಏನೂ ಬರವಲ್ದು,” ಎಂದಳು. “ಹತ್ತು ದಿನ ಆತು, ನನಗ ಯಾವ ವಾಸನಿನೂ ಬರೂದಿಲ್ಲ. ನೀವು ಸಗಣಿ ಹಚ್ಕೊಂಡು ಬಂದಿದ್ರೂ ನನಗ ಗೊತ್ತಾಗ್ತಿದ್ದಿಲ್ಲ.”

ಗಿರೀಶ ಅವಳನ್ನು ಪಿಳಿಪಿಳಿ ನೋಡಿದ. ಎರಡು ದಿನ, ಮೂರು ಊರು, ಒಂದು ಅಂಗಿ, ಮೂರು ಮೂಗು ಬಲಿಯಾಗಿದ್ದವು. ಎಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಗಿತ್ತು.

“ಹೆಂಗೈತಿ ಹೇಳ್ರಿ ಮತ್ತ, ಆ ನೀರಿನ ವಾಸನಿ,” ಎಂದಳು ಅವಳು, ಅವನ ಪಕ್ಕದ ಕುರ್ಚಿ ಎಳೆದುಕೊಂಡು.

ಅವನು ಹೇಳತೊಡಗಿದ. ತುಳಸಿ, ಏಲಕ್ಕಿ, ಗುಡಿಯ ತಂಪು ಕಲ್ಲು, ಪರೀಕ್ಷೆಯ ದಿನ ಅವ್ವ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದದ್ದು. ಅವಳು ಬಾಯಿಂದ ಉಸಿರಾಡುತ್ತ ಕೇಳಿದಳು. ನಾವು ನಾಲ್ವರು ಬಜ್ಜಿ ತಿಂದೆವು. ಆಂಟಿ ನನ್ನ ತಟ್ಟೆಗೆ ಇನ್ನೊಂದು ಹಾಕಿ, “ನೀ ಭಾರೀ ಸುಳ್ಳಿ ಅದೀ ಅಲ್ಲವಾ” ಎಂದರು. ಬೈದರೋ ಮೆಚ್ಚಿದರೋ, ಇವತ್ತಿಗೂ ಗೊತ್ತಿಲ್ಲ. ಬಜ್ಜಿ ಚೆನ್ನಾಗಿತ್ತು.

ತಿಂದಾದ ಮೇಲೆ ಗಿರೀಶ ಎಣ್ಣೆಗೈ ಮುಂದೆ ಹಿಡಿದುಕೊಂಡು ಸಿಂಕಿನ ಕಡೆ ಎದ್ದ. ವಿದ್ಯಾ ಅಡ್ಡ ಬಂದಳು. ಅವಳ ಒಂದು ಕೈಯಲ್ಲಿ ಸ್ಟೀಲಿನ ತಂಬಿಗೆ, ಇನ್ನೊಂದರಲ್ಲಿ ಚಮಚ.

“ಕೈ ಒಡ್ಡ್ರಿ,” ಎಂದಳು. ಚಮಚದಲ್ಲಿ ನೀರು ತೆಗೆದು ಅವನ ಅಂಗೈಗೆ ಬಿಟ್ಟಳು. “ಮೊದಲ ಹೇಳ್ತೀನಿ. ಇದು ಕೈ ತೊಳಕೊಳ್ಳಾಕ.”

ಅವನು ಅವಳ ಕೆಂಪು ಮೂಗನ್ನೂ ನೀರು ತುಂಬಿದ ಕಣ್ಣನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಬಜ್ಜಿಯ ಎಣ್ಣೆ ತೇಲುತ್ತಿದ್ದ ಆ ನೀರನ್ನು ಸುರ್ರೆಂದು ಕುಡಿದು, ಕೈಯನ್ನು ತಲೆಗೆ ಸವರಿಕೊಂಡು, ಎರಡನೆಯ ಸಲಕ್ಕೆ ಅಂಗೈ ಒಡ್ಡಿದ.